ಪ್ರಾಣಿಗಳ ರಕ್ತದ ಸಕ್ಕರೆಯನ್ನು ಹಾರ್ಮೋನುಗಳು ಹತೋಟಿಯಲ್ಲಿಡುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶರೀರಕ್ರಿಯಾಶಾಸ್ತ್ರ ಓದುತ್ತಿರುವವರು, ಮನೆಯ ನಾಯಿಗೋ ಬೆಕ್ಕಿಗೋ ಮಧುಮೇಹ ಬಂದಿದೆಯೆಂದು ತಿಳಿದು ಗಾಬರಿಯಾದವರು, ಹಸು ಸಾಕುವವರು, ಕುತೂಹಲದಿಂದ ಕೇಳುವವರು, ಹೀಗೆ ಹಲವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಎತ್ತಿರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು. ಸರಳವಾದವು ಮೊದಲು, ಆಳದವು ಆಮೇಲೆ ಬರುತ್ತವೆ. ಸಕ್ಕರೆಯ ಪ್ರಮಾಣವನ್ನು ಮಿಲಿಗ್ರಾಂಗಳಲ್ಲಿ ಹೇಳಿದಲ್ಲೆಲ್ಲ ಅದು 100 ಮಿ.ಲೀ. ರಕ್ತದಲ್ಲಿರುವ ಗ್ಲೂಕೋಸಿನ ಲೆಕ್ಕ.

## ಮೊದಲು ತಿಳಿಯಬೇಕಾದವು

ರಕ್ತದಲ್ಲಿ ಸಕ್ಕರೆ ಇದೆ ಎಂದರೇ ಕಾಯಿಲೆ ಅಲ್ಲವೇ? ಆರೋಗ್ಯವಾಗಿರುವ ಪ್ರಾಣಿಯಲ್ಲಿ ಎಷ್ಟಿರುತ್ತದೆ?

ಸಕ್ಕರೆ ಇರುವುದು ಕಾಯಿಲೆಯಲ್ಲ. ಇಲ್ಲದಿದ್ದರೆ ಪ್ರಾಣಿ ಬದುಕುವುದಿಲ್ಲ. ಮಿದುಳು ಮತ್ತು ಕೆಂಪು ರಕ್ತಕಣಗಳು ನಡೆಯುವುದೇ ಮುಖ್ಯವಾಗಿ ಗ್ಲೂಕೋಸಿನಿಂದ. ಹಸಿದ ಹೊತ್ತಿನಲ್ಲಿ ಮನುಷ್ಯನ ರಕ್ತದಲ್ಲಿ 70ರಿಂದ 100 ಮಿ.ಗ್ರಾಂ. ಗ್ಲೂಕೋಸ್ ಇರುತ್ತದೆ. ಸುಮಾರು 5 ಲೀಟರ್ ರಕ್ತಕ್ಕೆ ಲೆಕ್ಕ ಹಾಕಿದರೆ ಒಟ್ಟು 3.5ರಿಂದ 5 ಗ್ರಾಂ., ಎಂದರೆ ಒಂದು ಟೀ ಚಮಚದಷ್ಟು. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ. ಗ್ಲೂಕೋಸ್ ಬಳಸುತ್ತದೆ. ಹಾಗಾಗಿ ರಕ್ತದಲ್ಲಿರುವ ದಾಸ್ತಾನು ಮಿದುಳಿಗೆ ಒಂದು ಗಂಟೆಗೂ ಸಾಲದು. ಆದರೂ ರಾತ್ರಿಯಿಡೀ ಮಲಗೆದ್ದವನ ರಕ್ತದಲ್ಲಿ ಸಕ್ಕರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಖರ್ಚಾದಷ್ಟನ್ನು ಅದೇ ವೇಗದಲ್ಲಿ ತುಂಬಿಸುವ ಕೆಲಸ ಒಳಗೆ ಎಡೆಬಿಡದೆ ನಡೆದಿರುತ್ತದೆ. ಆ ವೇಗವನ್ನು ನಿರ್ಧರಿಸುವುದು ಹಾರ್ಮೋನುಗಳು. ಕೆಳಗಿನ ಉತ್ತರಗಳನ್ನು ಓದುವಾಗ ಈ ಒಂದು ಲೆಕ್ಕ ನೆನಪಿನಲ್ಲಿದ್ದರೆ ಬಹಳಷ್ಟು ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ.

ಎಲ್ಲ ಪ್ರಾಣಿಗಳಿಗೂ ಮನುಷ್ಯನ ಅಂಕಿಯೇ ಸರಿಯೆಂದು ಭಾವಿಸಬಾರದು. ಬೆಳೆದ ಹಸುವಿನಲ್ಲಿ ಸುಮಾರು 45ರಿಂದ 75 ಮಿ.ಗ್ರಾಂ. ಸಹಜ, ಕೋಳಿಯಲ್ಲಿ 200 ಮಿ.ಗ್ರಾಂ. ದಾಟಿದರೂ ಅದು ಆರೋಗ್ಯದ ಮಟ್ಟವೇ.

ಇನ್ಸುಲಿನ್ ಸಕ್ಕರೆಯನ್ನು ಸುಟ್ಟುಹಾಕುತ್ತದೆಯೇ? ಅದು ನಿಜವಾಗಿ ಮಾಡುವುದೇನು?

ಇನ್ಸುಲಿನ್ ತಾನಾಗಿ ಯಾವ ಸಕ್ಕರೆಯನ್ನೂ ಸುಡುವುದಿಲ್ಲ. ಅದು 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಜೀವಕೋಶದ ಮೇಲಿರುವ ತನ್ನ ಗ್ರಾಹಕಕ್ಕೆ ಅಂಟಿಕೊಂಡು ಕೋಶಕ್ಕೆ ಸುದ್ದಿ ಮುಟ್ಟಿಸುವುದಷ್ಟೇ ಅದರ ಕೆಲಸ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಆ ಸುದ್ದಿ ತಲುಪಿದೊಡನೆ, ಕೋಶದೊಳಗೆ ಪುಟ್ಟ ಕೋಶಿಕೆಗಳಲ್ಲಿ ಕಾದಿದ್ದ ಗ್ಲೂಟ್-4 ಎಂಬ ಸಾಗಣೆ ಪ್ರೋಟೀನುಗಳು ಹೊರಪೊರೆಗೆ ಬಂದು ಸೇರುತ್ತವೆ, ಅವುಗಳ ಮೂಲಕ ಗ್ಲೂಕೋಸ್ ಒಳಗೆ ಹೋಗುತ್ತದೆ. ಯಕೃತ್ತಿನಲ್ಲಿ ಇನ್ಸುಲಿನ್ ಮಾಡುವ ಕೆಲಸ ಇಷ್ಟು ಪ್ರಸಿದ್ಧವಲ್ಲದಿದ್ದರೂ ಅಷ್ಟೇ ಮುಖ್ಯ: ಅಲ್ಲಿ ಗ್ಲೂಕೋಸ್ ತಯಾರಿ ನಿಲ್ಲುತ್ತದೆ, ಗ್ಲೂಕೋಸ್ ಅಣುಗಳನ್ನು ಪೋಣಿಸಿ ಕೂಡಿಟ್ಟ ರೂಪವಾದ ಗ್ಲೈಕೋಜೆನ್ ಸಂಗ್ರಹ ಬೆಳೆಯುತ್ತದೆ. ಕೊಬ್ಬು ಕರಗುವುದಕ್ಕೂ ಅದು ತಡೆ ಹಾಕುತ್ತದೆ.

ಮಿದುಳು, ಕೆಂಪು ರಕ್ತಕಣ ಮತ್ತು ಯಕೃತ್ತಿನ ಕೋಶಗಳೊಳಗೆ ಗ್ಲೂಕೋಸ್ ಹೋಗುವುದಕ್ಕೆ ಇನ್ಸುಲಿನ್ ಬೇಕಾಗಿಲ್ಲ. ಮಧುಮೇಹವಿದ್ದವರ ಯಾವ ಕೋಶಕ್ಕೂ ಸಕ್ಕರೆ ಸಿಗುವುದಿಲ್ಲವೆಂಬ ಮಾತು ಆದ್ದರಿಂದ ಪೂರ್ತಿ ಸರಿಯಲ್ಲ. ಇನ್ಸುಲಿನ್ ಇಲ್ಲದಾಗ ಸಕ್ಕರೆ ವಿಪರೀತ ಏರುವುದಕ್ಕೆ ದೊಡ್ಡ ಕಾರಣ, ಯಾರ ತಡೆಯೂ ಇಲ್ಲದ ಯಕೃತ್ತು ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತಲೇ ಇರುವುದು.

ಇಡೀ ದಿನ ಏನೂ ತಿನ್ನದಿದ್ದರೂ ಸಕ್ಕರೆ ಸೊನ್ನೆಗೆ ಯಾಕೆ ಇಳಿಯುವುದಿಲ್ಲ?

ಯಕೃತ್ತು ಸುಗ್ಗಿಯಲ್ಲಿ ತುಂಬಿ ಬರಗಾಲದಲ್ಲಿ ತೆಗೆಯುವ ಕಣಜದಂತೆ ಕೆಲಸ ಮಾಡುವುದೇ ಇದಕ್ಕೆ ಕಾರಣ. ಕಣಜ ತೆಗೆಯಲು ಅಪ್ಪಣೆ ಕೊಡುವುದು ಗ್ಲುಕಗಾನ್ ಎಂಬ, 29 ಅಮೈನೋ ಆಮ್ಲಗಳ ಹಾರ್ಮೋನು. ರಕ್ತದ ಸಕ್ಕರೆ ಇಳಿಯತೊಡಗಿದಾಗ ಇನ್ಸುಲಿನ್ ತಗ್ಗುತ್ತದೆ, ಗ್ಲುಕಗಾನ್ ಏರುತ್ತದೆ. ಗ್ಲುಕಗಾನ್ ಯಕೃತ್ತಿನ ಕೋಶದ ಹೊರಗೇ ನಿಂತಿದ್ದರೂ ಒಳಗೆ ಆವರ್ತಕ ಎಎಂಪಿ ಎಂಬ ಸಣ್ಣ ಅಣು ಹುಟ್ಟುವಂತೆ ಮಾಡುತ್ತದೆ. ಆ ಅಣು ಕಿಣ್ವಗಳ ಒಂದು ಸರಣಿಯನ್ನೇ ಎಬ್ಬಿಸುತ್ತದೆ, ಕೊನೆಯಲ್ಲಿ ಗ್ಲೈಕೋಜೆನ್ ಒಡೆದು ಗ್ಲೂಕೋಸ್ ಹೊರಬರುತ್ತದೆ. ಹಾರ್ಮೋನಿನ ಸುದ್ದಿಯನ್ನು ಕೋಶದೊಳಗೆ ಒಯ್ಯುವ ಈ ಅಣುವನ್ನು ಗುರುತಿಸಿದ ಅರ್ಲ್ ಸದರ್ಲೆಂಡ್ ಅವರಿಗೆ 1971ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಮನುಷ್ಯನ ಯಕೃತ್ತಿನ ಗ್ಲೈಕೋಜೆನ್ ಸುಮಾರು 100 ಗ್ರಾಂ. ಮಾತ್ರ, ಒಂದು ದಿನದ ಉಪವಾಸದಲ್ಲಿ ಅದು ಬಹುಮಟ್ಟಿಗೆ ಮುಗಿಯುತ್ತದೆ. ಅದು ಕರಗುತ್ತ ಬಂದಂತೆ ಯಕೃತ್ತು, ಅದರ ಜೊತೆಗೆ ಮೂತ್ರಪಿಂಡ, ಅಮೈನೋ ಆಮ್ಲ, ಲ್ಯಾಕ್ಟೇಟ್ ಮತ್ತು ಗ್ಲಿಸರಾಲ್‌ನಿಂದ ಹೊಸದಾಗಿ ಗ್ಲೂಕೋಸ್ ಕಟ್ಟುವ ಕೆಲಸವನ್ನು ಹೆಚ್ಚಿಸುತ್ತವೆ. ಸ್ನಾಯುಗಳಲ್ಲಿ ಯಕೃತ್ತಿಗಿಂತ ಹೆಚ್ಚು ಗ್ಲೈಕೋಜೆನ್ ಇದ್ದರೂ ಅದು ನೇರವಾಗಿ ರಕ್ತಕ್ಕೆ ಬರುವುದಿಲ್ಲ. ಗ್ಲೈಕೋಜೆನ್ ಒಡೆದಾಗ ಸಿಗುವ ಗ್ಲೂಕೋಸ್-6-ಫಾಸ್ಫೇಟಿನಿಂದ ಫಾಸ್ಫೇಟನ್ನು ಕಳಚುವ ಕಿಣ್ವ ಸ್ನಾಯುವಿನಲ್ಲಿ ಇಲ್ಲದಿರುವುದರಿಂದ ಆ ದಾಸ್ತಾನು ಸ್ನಾಯುವಿನ ಸ್ವಂತ ಬಳಕೆಗೇ ಮೀಸಲು.

ಏರಿಸುವುದೂ ಇಳಿಸುವುದೂ ಒಂದೇ ಗ್ರಂಥಿಯಿಂದ ಬರುತ್ತವಂತೆ. ಒಂದಕ್ಕೊಂದು ಅಡ್ಡಿಯಾಗುವುದಿಲ್ಲವೇ?

ಮೇದೋಜೀರಕ ಗ್ರಂಥಿಯ ಬಹುಪಾಲು ಜೀರ್ಣರಸ ತಯಾರಿಸುತ್ತದೆ. ಅದರ ನಡುನಡುವೆ ಚದುರಿರುವ ಕಿರುದ್ವೀಪಗಳನ್ನು 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ವಿದ್ಯಾರ್ಥಿಯಾಗಿದ್ದಾಗ ಗುರುತಿಸಿದರು. ಅವು ಮಾಡುವ ಕೆಲಸ ಮಾತ್ರ ಅವರಿಗೆ ತಿಳಿದಿರಲಿಲ್ಲ. ಮನುಷ್ಯನಲ್ಲಿ ಇಂಥ ದ್ವೀಪಗಳು ಸುಮಾರು 10 ಲಕ್ಷ ಇದ್ದರೂ ಅವೆಲ್ಲ ಸೇರಿ ಗ್ರಂಥಿಯ ತೂಕದ ಶೇ. 1ರಿಂದ 2ರಷ್ಟು ಮಾತ್ರ. ಪ್ರತಿ ದ್ವೀಪದಲ್ಲೂ ಇನ್ಸುಲಿನ್ ಸ್ರವಿಸುವ ಬೀಟಾ ಕೋಶ, ಗ್ಲುಕಗಾನ್ ಸ್ರವಿಸುವ ಆಲ್ಫಾ ಕೋಶ, ಸೊಮ್ಯಾಟೊಸ್ಟ್ಯಾಟಿನ್ ಸ್ರವಿಸುವ ಡೆಲ್ಟಾ ಕೋಶಗಳು ಮೈಗೆ ಮೈ ತಾಗಿಸಿಕೊಂಡಿರುತ್ತವೆ.

ಈ ನೆರೆಹೊರೆಯೇ ಗೊಂದಲವನ್ನು ತಪ್ಪಿಸುತ್ತದೆ. ಬೀಟಾ ಕೋಶ ಇನ್ಸುಲಿನ್ ಬಿಟ್ಟಾಗ ಅದು ಮೊದಲು ತಾಗುವುದು ಪಕ್ಕದ ಆಲ್ಫಾ ಕೋಶವನ್ನು. ಆಗ ಗ್ಲುಕಗಾನ್ ಅಡಗುತ್ತದೆ. ಸೊಮ್ಯಾಟೊಸ್ಟ್ಯಾಟಿನ್ ಎರಡನ್ನೂ ತಗ್ಗಿಸುತ್ತದೆ. ಬೀಟಾ ಕೋಶಗಳು ನಾಶವಾದ ಮಧುಮೇಹದಲ್ಲಿ ಈ ಸ್ಥಳೀಯ ತಡೆ ಕಳೆದುಹೋಗಿ, ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಗ್ಲುಕಗಾನ್ ಏರಿಯೇ ಇರುತ್ತದೆ. ಮಧುಮೇಹವೆಂದರೆ ಇನ್ಸುಲಿನ್ನಿನ ಕೊರತೆ ಮಾತ್ರ ಎಂದು ಓದಿ ನಿಲ್ಲಿಸುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಇದನ್ನೆಲ್ಲ ಕಂಡುಹಿಡಿದದ್ದು ಹೇಗೆ?

ಯಕೃತ್ತು ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆಂದು 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ತೋರಿಸಿದರು. 1889ರಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಗ್ರಂಥಿಯ ಸಾರದಿಂದ ಮಧುಮೇಹವನ್ನು ಇಳಿಸಲು ಹಲವರು ಯತ್ನಿಸಿದ ಮೇಲೆ, 1921ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅದನ್ನು ನಾಯಿಗಳಲ್ಲಿ ಸಾಧಿಸಿದರು. ಜೇಮ್ಸ್ ಕಾಲಿಪ್ ಸಾರವನ್ನು ಶುದ್ಧಗೊಳಿಸಿದ ನಂತರ 1922ರ ಜನವರಿಯಲ್ಲಿ ಮನುಷ್ಯರಿಗೆ ಫಲ ಸಿಕ್ಕಿತು. 1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಪ್ರಯೋಗಾಲಯದ ಮುಖ್ಯಸ್ಥ ಜಾನ್ ಮೆಕ್ಲಿಯಡ್ ಅವರಿಗೆ ಹೋಯಿತು.

ಮೆಕ್ಲಿಯಡ್ ಅವರ ಒಂದು ಪ್ರಯೋಗಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕೆಲವು ಎಲುಬಿನ ಮೀನುಗಳಲ್ಲಿ ದ್ವೀಪದ ಕೋಶಗಳು ಜೀರ್ಣರಸದ ಕೋಶಗಳಿಂದ ಬೇರೆಯಾಗಿ, ಕಣ್ಣಿಗೆ ಕಾಣುವ ಗುಂಡುಗಳಾಗಿ ಇರುತ್ತವೆ. 1922ರಲ್ಲಿ ಅವರು ಆ ಗುಂಡುಗಳ ಸಾರಕ್ಕೆ ಸಕ್ಕರೆ ಇಳಿಸುವ ಶಕ್ತಿ ಇರುವುದನ್ನೂ ಉಳಿದ ಭಾಗಕ್ಕೆ ಅದು ಇಲ್ಲದಿರುವುದನ್ನೂ ತೋರಿಸಿ, ಇನ್ಸುಲಿನ್ ಹುಟ್ಟುವುದು ದ್ವೀಪಗಳಲ್ಲೇ ಎಂಬುದಕ್ಕೆ ನೇರವಾದ ಪುರಾವೆ ಕೊಟ್ಟರು.

## ಸ್ವಲ್ಪ ಒಳಗೆ ಇಳಿದರೆ

ಸಕ್ಕರೆ ಏರಿದೆ ಎಂದು ಬೀಟಾ ಕೋಶಕ್ಕೆ ಹೇಳುವವರು ಯಾರು? ಮಿದುಳೇ?

ನರಗಳ ಪ್ರಭಾವ ಇದ್ದರೂ, ಬೀಟಾ ಕೋಶ ಸಕ್ಕರೆಯನ್ನು ತಾನೇ ಅಳೆಯುತ್ತದೆ. ದೇಹದಿಂದ ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿಟ್ಟ ದ್ವೀಪವೂ ಸುತ್ತಲಿನ ದ್ರವದಲ್ಲಿ ಗ್ಲೂಕೋಸ್ ಏರಿದರೆ ಇನ್ಸುಲಿನ್ ಬಿಡುತ್ತದೆ. ನಡೆಯುವುದು ಹೀಗೆ. ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಗ್ಲೂಕೋಸ್ ಕೋಶದೊಳಗೆ ಬರುತ್ತದೆ. ಗ್ಲೂಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿದು ದಹನಕ್ಕೆ ಕಳಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಈ ಕಿಣ್ವದ ವೇಗ ಹೆಚ್ಚುವುದರಿಂದ ನಿಜವಾದ ಅಳತೆಗೋಲು ಇದೇ. ದಹನದಿಂದ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಹೆಚ್ಚುತ್ತದೆ. ಎಟಿಪಿ ಹೆಚ್ಚಾದಾಗ ಕೋಶದ ಪೊರೆಯಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ನಾಳಗಳು ಮುಚ್ಚಿಕೊಳ್ಳುತ್ತವೆ. ಹೊರಹೋಗಬೇಕಾಗಿದ್ದ ಪೊಟ್ಯಾಸಿಯಂ ಒಳಗೇ ಉಳಿದು ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ನಾಳಗಳು ತೆರೆಯುತ್ತವೆ, ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ತುಂಬಿದ ಕಣಗಳನ್ನು ಪೊರೆಗೆ ಬೆಸೆಯುತ್ತದೆ. ಆ ಕಣಗಳಲ್ಲಿ ಇನ್ಸುಲಿನ್ ಸತುವಿನ ಜೊತೆ ಆರಾರು ಅಣುಗಳ ಗುಂಪಾಗಿ ಹರಳುಗಟ್ಟಿರುತ್ತದೆ. ರಕ್ತಕ್ಕೆ ಬಿದ್ದೊಡನೆ ಹರಳು ಕರಗಿ ಬಿಡಿ ಅಣುಗಳಾಗುತ್ತವೆ.

ಮನುಷ್ಯರ ಮಧುಮೇಹಕ್ಕೆ ಬಹುಕಾಲದಿಂದ ಕೊಡುತ್ತಿರುವ ಸಲ್ಫೋನಿಲ್‌ಯೂರಿಯ ಗುಂಪಿನ ಮಾತ್ರೆಗಳು ಇದೇ ಪೊಟ್ಯಾಸಿಯಂ ನಾಳವನ್ನು ನೇರವಾಗಿ ಮುಚ್ಚುತ್ತವೆ. ಸಕ್ಕರೆ ಏರದಿದ್ದರೂ ಅವು ಇನ್ಸುಲಿನ್ ಹೊರಡಿಸಬಲ್ಲವು. ಅವುಗಳಿಂದ ಸಕ್ಕರೆ ಅತಿಯಾಗಿ ಇಳಿಯುವ ಅಪಾಯವಿರುವುದು ಅದಕ್ಕಾಗಿಯೇ.

ಇಳಿಸಲು ಇನ್ಸುಲಿನ್ ಒಂದೇ. ಏರಿಸಲು ಮಾತ್ರ ಇಷ್ಟೊಂದು ಹಾರ್ಮೋನು ಯಾಕೆ?

ಸಕ್ಕರೆ ಏರಿದರೆ ಹಾನಿ ನಿಧಾನ. ಇಳಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. ಈ ಇಡೀ ವ್ಯವಸ್ಥೆಯನ್ನು ಸಕ್ಕರೆ ಇಳಿಯದಂತೆ ಕಾಯುವ ವ್ಯವಸ್ಥೆಯೆಂದೇ ನೋಡಬೇಕೆನ್ನುವುದು ನನ್ನ ಖಚಿತ ಅಭಿಪ್ರಾಯ. ಕಾಡಿನ ಪ್ರಾಣಿಗೆ ಹಸಿವು ದಿನನಿತ್ಯದ ಸಂಗತಿ, ಅತಿಯಾದ ಊಟ ಅಪರೂಪ.

ಮನುಷ್ಯನಲ್ಲಿ ಈ ಕಾವಲು ಹಂತಹಂತವಾಗಿದೆ. ಸಕ್ಕರೆ 80ರ ಆಸುಪಾಸಿಗೆ ಬಂದಾಗ ಇನ್ಸುಲಿನ್ ತಗ್ಗುತ್ತದೆ. 65ರಿಂದ 70ರ ಹತ್ತಿರ ಗ್ಲುಕಗಾನ್ ಮತ್ತು ಅಡ್ರಿನಲಿನ್ ಏರುತ್ತವೆ. ಅಡ್ರಿನಲಿನ್ ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುವುದಲ್ಲದೆ ಇನ್ಸುಲಿನ್ ಸ್ರಾವಕ್ಕೂ ತಡೆ ಹಾಕುತ್ತದೆ. ಬೆವರು, ನಡುಕ, ಎದೆಬಡಿತಗಳು ಈ ಹಂತಕ್ಕೆ ಸೇರಿದವು. ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ನಿಧಾನಿಗಳು. ಗಂಟೆಗಟ್ಟಲೆ ಕೆಲಸ ಮಾಡುವ ಇವು ಸ್ನಾಯುಗಳು ಗ್ಲೂಕೋಸ್ ಹೀರುವುದನ್ನು ತಗ್ಗಿಸಿ ಮಿದುಳಿಗೆ ಉಳಿಸುತ್ತವೆ. ಮೇದೋಜೀರಕ ಗ್ರಂಥಿ ತೆಗೆದ ನಾಯಿಯಲ್ಲಿ, ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನೂ ತೆಗೆದರೆ ಅದರ ಮಧುಮೇಹ ಸೌಮ್ಯವಾಗುತ್ತದೆಂದು ಅರ್ಜೆಂಟೀನಾದ ಬರ್ನಾರ್ಡೊ ಊಸೈ ತೋರಿಸಿದ್ದು ಈ ವಿಷಯದಲ್ಲಿ ದೊಡ್ಡ ಹೆಜ್ಜೆ. 1947ರ ನೊಬೆಲ್‌ನಲ್ಲಿ ಅವರಿಗೂ ಪಾಲಿತ್ತು.

ಬಾಯಿಂದ ಕುಡಿದ ಗ್ಲೂಕೋಸಿಗೂ ರಕ್ತನಾಳಕ್ಕೆ ಕೊಟ್ಟ ಗ್ಲೂಕೋಸಿಗೂ ವ್ಯತ್ಯಾಸವಿದೆಯೇ?

ಇದೆ. ಎರಡರಲ್ಲೂ ರಕ್ತದ ಸಕ್ಕರೆ ಒಂದೇ ಮಟ್ಟಕ್ಕೆ ಏರುವಂತೆ ನೋಡಿಕೊಂಡರೂ, ಬಾಯಿಂದ ಕೊಟ್ಟಾಗ ಬಹಳ ಹೆಚ್ಚು ಇನ್ಸುಲಿನ್ ಹೊರಡುತ್ತದೆ. ಆಹಾರ ತಾಗಿದೊಡನೆ ಸಣ್ಣ ಕರುಳಿನ ಗೋಡೆಯ ಕೋಶಗಳು ಜಿಐಪಿ ಮತ್ತು ಜಿಎಲ್‌ಪಿ-1 ಎಂಬ ಹಾರ್ಮೋನುಗಳನ್ನು ಬಿಟ್ಟು, ಸಕ್ಕರೆ ಬರುತ್ತಿದೆಯೆಂದು ಬೀಟಾ ಕೋಶಗಳಿಗೆ ಮುಂಚಿತವಾಗಿ ತಿಳಿಸುತ್ತವೆ. ಸಕ್ಕರೆ ಸಹಜ ಮಟ್ಟದಲ್ಲಿದ್ದರೆ ಇವುಗಳ ಪ್ರಚೋದನೆ ಹೆಚ್ಚು ನಡೆಯುವುದಿಲ್ಲ. ಜಿಎಲ್‌ಪಿ-1 ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಹಸಿವನ್ನೂ ತಗ್ಗಿಸುತ್ತದೆ; ಆದರೆ ಒಂದೆರಡು ನಿಮಿಷಗಳಲ್ಲಿ ಕಿಣ್ವವೊಂದು ಅದನ್ನು ತುಂಡರಿಸುತ್ತದೆ. ಗಿಲಾ ಮಾನ್‌ಸ್ಟರ್ ಎಂಬ ವಿಷಯುಕ್ತ ಹಲ್ಲಿಯ ಜೊಲ್ಲಿನಲ್ಲಿ, ಇದೇ ಗ್ರಾಹಕಕ್ಕೆ ಅಂಟುವ ಆದರೆ ಅಷ್ಟು ಬೇಗ ತುಂಡಾಗದ ಎಕ್ಸೆಂಡಿನ್-4 ಸಿಕ್ಕಿತು. ಅದನ್ನಾಧರಿಸಿದ ಎಕ್ಸೆನಟೈಡ್ ಔಷಧಿಗೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ದೊರೆಯಿತು.

## ಸಾಕುಪ್ರಾಣಿಗಳ ಬಗ್ಗೆ

ನಮ್ಮ ಬೆಕ್ಕನ್ನು ಪರೀಕ್ಷೆಗೆ ಒಯ್ದಾಗ ಸಕ್ಕರೆ 280 ಬಂತು. ಮಧುಮೇಹವೇ ಬಂದುಬಿಟ್ಟಿದೆಯೇ?

ಆ ಒಂದು ಅಂಕಿಯಿಂದ ಹಾಗೆ ಹೇಳಲಾಗದು. ಬುಟ್ಟಿಯಲ್ಲಿ ಕೂಡಿಹಾಕಿ, ವಾಹನದಲ್ಲಿ ಒಯ್ದು, ಅಪರಿಚಿತರ ಕೈಯಲ್ಲಿ ಹಿಡಿದು ರಕ್ತ ತೆಗೆಯುವಷ್ಟರಲ್ಲಿ ಹೆದರಿದ ಬೆಕ್ಕಿನ ಅಡ್ರಿನಲಿನ್ ಉಕ್ಕಿರುತ್ತದೆ. ಆರೋಗ್ಯವಂತ ಬೆಕ್ಕಿನಲ್ಲೂ ಸಕ್ಕರೆ 300ನ್ನು ದಾಟುವುದುಂಟು. ನಾಯಿಗಿಂತ ಬೆಕ್ಕಿನಲ್ಲಿ ಇದು ಬಹಳ ಹೆಚ್ಚು. ಪಶುವೈದ್ಯರು ಇಂಥ ಸಂದರ್ಭದಲ್ಲಿ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸುತ್ತಾರೆ. ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಅದು ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತೋರಿಸುತ್ತದೆ, ಒಂದು ಗಳಿಗೆಯ ಭಯ ಅದರಲ್ಲಿ ಕಾಣಿಸುವುದಿಲ್ಲ. ಬೆಕ್ಕು ಹೆಚ್ಚು ನೀರು ಕುಡಿಯುತ್ತಿದೆಯೇ, ಹೆಚ್ಚು ಮೂತ್ರ ಮಾಡುತ್ತಿದೆಯೇ, ಚೆನ್ನಾಗಿ ತಿಂದರೂ ಸೊರಗುತ್ತಿದೆಯೇ ಎಂಬುದನ್ನು ಮನೆಯವರು ಗಮನಿಸಿ ಹೇಳಿದರೆ ಪರೀಕ್ಷೆಯಷ್ಟೇ ಉಪಯೋಗವಾಗುತ್ತದೆ.

ನಾಯಿಗೂ ಬೆಕ್ಕಿಗೂ ಬರುವ ಮಧುಮೇಹ ಒಂದೇ ತರಹದ್ದೇ?

ಹೊರಲಕ್ಷಣಗಳು ಒಂದೇ ಆದರೂ ಒಳಗಿನ ಕಥೆ ಬೇರೆ. ನಾಯಿಯಲ್ಲಿ ಸಾಮಾನ್ಯವಾಗಿ ಬೀಟಾ ಕೋಶಗಳೇ ನಾಶವಾಗಿರುತ್ತವೆ, ಜೀವನಪೂರ್ತಿ ಇನ್ಸುಲಿನ್ ಚುಚ್ಚುಮದ್ದು ಬೇಕಾಗುತ್ತದೆ. ಬೆಕ್ಕಿನ ಮಧುಮೇಹ ಮನುಷ್ಯರ ಎರಡನೇ ಬಗೆಯದನ್ನು ಹೋಲುತ್ತದೆ: ದಪ್ಪ ಮೈ, ಇನ್ಸುಲಿನ್ನಿಗೆ ಓಗೊಡದ ಅಂಗಾಂಶಗಳು, ದ್ವೀಪಗಳಲ್ಲಿ, ಬೀಟಾ ಕೋಶಗಳೇ ಬಿಡುವ ಅಮೈಲಿನ್ ಎಂಬ ಪ್ರೋಟೀನು ಗಟ್ಟಿಯಾಗಿ ಕೂರುವುದು. ಬೇಗ ಚಿಕಿತ್ಸೆ ಆರಂಭಿಸಿ ಆಹಾರದಲ್ಲಿ ಪಿಷ್ಟ ಕಡಿಮೆ ಮಾಡಿದರೆ ಕೆಲವು ಬೆಕ್ಕುಗಳು ಇನ್ಸುಲಿನ್ ಇಲ್ಲದೆ ಇರುವ ಸ್ಥಿತಿಗೆ ಮರಳುತ್ತವೆ. ಮಾಂಸಾಹಾರಕ್ಕೇ ಹೊಂದಿಕೊಂಡ ಬೆಕ್ಕಿನ ಯಕೃತ್ತಿನಲ್ಲಿ ಗ್ಲೂಕೋಕೈನೇಸ್ ಚಟುವಟಿಕೆ ತೀರ ಕಡಿಮೆ, ಅಮೈನೋ ಆಮ್ಲಗಳಿಂದ ಗ್ಲೂಕೋಸ್ ಕಟ್ಟುವ ಕೆಲಸ ಊಟವಾದ ಮೇಲೂ ನಿಲ್ಲುವುದಿಲ್ಲ.

ಹೆಣ್ಣು ನಾಯಿಯ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಬೆದೆ ಮುಗಿದ ಮೇಲೆ, ಗರ್ಭ ಕಟ್ಟಲಿ ಬಿಡಲಿ, ಗರ್ಭವನ್ನು ಕಾಯುವ ಹಾರ್ಮೋನಾದ ಪ್ರೊಜೆಸ್ಟರಾನ್ ವಾರಗಟ್ಟಲೆ ಏರಿರುತ್ತದೆ. ಅದರ ಪ್ರಭಾವದಿಂದ ನಾಯಿಯ ಸ್ತನಗ್ರಂಥಿಯೇ ಬೆಳವಣಿಗೆಯ ಹಾರ್ಮೋನನ್ನು ಸ್ರವಿಸಿ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಇಂಥ ನಾಯಿಗೆ ಆ ಸಮಯದಲ್ಲಿ ಮಧುಮೇಹ ಕಾಣಿಸಿಕೊಂಡರೆ, ತಡಮಾಡದೆ ಅಂಡಾಶಯ ತೆಗೆಸುವುದರಿಂದ ಕೆಲವೊಮ್ಮೆ ಕಾಯಿಲೆಯೇ ಹಿಂದೆ ಸರಿಯುತ್ತದೆ. ಬೀಟಾ ಕೋಶಗಳು ದಣಿದು ಸತ್ತ ಮೇಲೆ ಆ ಅವಕಾಶ ಉಳಿಯುವುದಿಲ್ಲ. ನಾಯಿಗಳಲ್ಲಿ ಮಧುಮೇಹದಿಂದ ಕಣ್ಣಿನ ಪೊರೆ ಬರುವುದೂ ಬಹಳ ಸಾಮಾನ್ಯ. ಬೆಕ್ಕುಗಳಲ್ಲಿ ಅದು ಅಪರೂಪ.

ಸಕ್ಕರೆ ಇಲ್ಲದ ಮಿಠಾಯಿ ನಾಯಿಗೆ ಒಳ್ಳೆಯದಲ್ಲವೇ?

ಅದರಲ್ಲಿ ಸಕ್ಕರೆಯ ಬದಲು ಸಿಹಿಗಾಗಿ ಹಾಕುವ ಕ್ಸೈಲಿಟಾಲ್ ಇದ್ದರೆ ಅದು ನಾಯಿಗೆ ವಿಷ. ಮನುಷ್ಯನ ಬೀಟಾ ಕೋಶಗಳು ಕ್ಸೈಲಿಟಾಲ್‌ಗೆ ಹೆಚ್ಚು ಸ್ಪಂದಿಸುವುದಿಲ್ಲ. ನಾಯಿಯ ಬೀಟಾ ಕೋಶಗಳು ಮಾತ್ರ ಅಷ್ಟೇ ಗ್ಲೂಕೋಸ್ ಕೊಟ್ಟಾಗ ಬಿಡುವುದಕ್ಕಿಂತ ಹಲವು ಪಟ್ಟು ಹೆಚ್ಚು ಇನ್ಸುಲಿನ್ ಬಿಡುತ್ತವೆ. ದೇಹತೂಕದ ಪ್ರತಿ ಕಿಲೋಗೆ ಸುಮಾರು 0.1 ಗ್ರಾಂ. ಸಾಕು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಸಕ್ಕರೆ ಕುಸಿದು ನಾಯಿ ತೂರಾಡಬಹುದು, ಅಪಸ್ಮಾರದಂತೆ ಒದ್ದಾಡಬಹುದು. ಇನ್ನೂ ಹೆಚ್ಚು ತಿಂದರೆ ಯಕೃತ್ತು ಕೆಡುತ್ತದೆ. ತಿಂದಿದೆಯೆಂಬ ಅನುಮಾನ ಬಂದರೂ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರ ಬಳಿ ಒಯ್ಯಬೇಕು.

ಹಸು ಇಡೀ ದಿನ ಹುಲ್ಲು ತಿನ್ನುತ್ತದೆ, ಆದರೂ ಅದರ ರಕ್ತದಲ್ಲಿ ಸಕ್ಕರೆ ಯಾಕೆ ಇಷ್ಟು ಕಡಿಮೆ?

ಹಸು ತಿಂದ ಹುಲ್ಲಿನಲ್ಲಿರುವ ಪಿಷ್ಟ, ನಾರು, ಸಕ್ಕರೆಗಳ ಬಹುಪಾಲನ್ನು ಅದರ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳೇ ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನಾಗಿ ಮಾಡುತ್ತವೆ. ಕರುಳಿನಿಂದ ನೇರವಾಗಿ ಸಿಗುವ ಗ್ಲೂಕೋಸ್ ಅತ್ಯಲ್ಪ. ಹೀಗಾಗಿ ಹಸುವಿನ ಯಕೃತ್ತು, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಮುಖ್ಯವಾಗಿ ಪ್ರೊಪಿಯಾನಿಕ್ ಆಮ್ಲದಿಂದ ಗ್ಲೂಕೋಸ್ ಕಟ್ಟುತ್ತಲೇ ಇರಬೇಕು.

ಕರು ಹಾಕಿದ ಮೇಲಿನ ವಾರಗಳಲ್ಲಿ ಈ ವ್ಯವಸ್ಥೆ ತನ್ನ ಮಿತಿಯನ್ನು ಮುಟ್ಟುತ್ತದೆ. ದಿನಕ್ಕೆ 30 ಲೀಟರ್ ಹಾಲು ಕೊಡುವ ಹಸುವಿನ ಹಾಲಿನಲ್ಲಿ ಸುಮಾರು 1.4 ಕಿ.ಗ್ರಾಂ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇರುತ್ತದೆ, ಅದು ತಯಾರಾಗುವುದು ರಕ್ತದ ಗ್ಲೂಕೋಸಿನಿಂದ. ಆಗ ಹಸುವಿನಲ್ಲಿ ಇನ್ಸುಲಿನ್ ತಗ್ಗಿ ಬೆಳವಣಿಗೆಯ ಹಾರ್ಮೋನು ಏರಿರುತ್ತದೆ. ಸ್ನಾಯುವೂ ಕೊಬ್ಬೂ ಗ್ಲೂಕೋಸ್ ಹೀರುವುದನ್ನು ಬಿಟ್ಟುಕೊಡುತ್ತವೆ. ಕೆಚ್ಚಲಿನ ಕೋಶಗಳಿಗೆ ಗ್ಲೂಕೋಸ್ ಹೀರಲು ಇನ್ಸುಲಿನ್ ಬೇಕಿಲ್ಲದ್ದರಿಂದ ಎಲ್ಲವೂ ಅತ್ತ ಹರಿಯುತ್ತದೆ. ತಿಂದ ಮೇವು ಹಾಲಿನ ಖರ್ಚಿಗೆ ಸಾಲದೆ ಹೋದರೆ ಮೈಕೊಬ್ಬು ಕರಗಿ ಯಕೃತ್ತಿಗೆ ಬಂದು ಬೀಳುತ್ತದೆ, ಅಲ್ಲಿ ಕೊಬ್ಬಿನಿಂದ ಹುಟ್ಟುವ ಕೀಟೋನುಗಳು ಎಂಬ ವಸ್ತುಗಳು ರಕ್ತದಲ್ಲಿ ಹೆಚ್ಚುತ್ತವೆ, ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಕೀಟೋಸಿಸ್ ಎನ್ನುವುದು ಇದನ್ನೇ. ಮನುಷ್ಯನ ಮಧುಮೇಹದಲ್ಲಿ ಕೀಟೋನು ಏರುವುದು ಸಕ್ಕರೆಯೂ ಏರಿದಾಗ. ಹಸುವಿನಲ್ಲಿ ಅದು ಸಾಮಾನ್ಯವಾಗಿ ಸಕ್ಕರೆ ಇಳಿದಾಗ. ಕೀಟೋಸಿಸ್ ಆದ ಹಸುವಿಗೆ ರಕ್ತನಾಳಕ್ಕೆ ಗ್ಲೂಕೋಸ್ ಕೊಡುವುದೂ, ಯಕೃತ್ತು ಗ್ಲೂಕೋಸ್ ಕಟ್ಟಲು ಕಚ್ಚಾವಸ್ತುವಾಗುವ ಪ್ರೊಪಿಲೀನ್ ಗ್ಲೈಕಾಲ್ ಕುಡಿಸುವುದೂ ಇದರಿಂದಲೇ.

ಒಂದು ಪ್ರಾಣಿಯ ಇನ್ಸುಲಿನ್ ಇನ್ನೊಂದು ಪ್ರಾಣಿಗೆ ನಡೆಯುತ್ತದೆಯೇ?

ಬಹುಮಟ್ಟಿಗೆ ನಡೆಯುತ್ತದೆ. ಹಂದಿಯ ಇನ್ಸುಲಿನ್ ಮನುಷ್ಯನದಕ್ಕಿಂತ ಒಂದೇ ಅಮೈನೋ ಆಮ್ಲದಲ್ಲಿ, ದನದ್ದು ಮೂರರಲ್ಲಿ ಬೇರೆ. ದಶಕಗಳ ಕಾಲ ಮನುಷ್ಯರು ಬದುಕಿದ್ದು ಈ ಎರಡರಿಂದಲೇ. ನಾಯಿಯ ಮತ್ತು ಹಂದಿಯ ಇನ್ಸುಲಿನ್‌ಗಳ ರಚನೆ ಒಂದೇ ಆಗಿರುವುದರಿಂದ ನಾಯಿಗಳಿಗೆ ಇಂದಿಗೂ ಹಂದಿಯ ಇನ್ಸುಲಿನ್ ಕೊಡುವುದುಂಟು. ಬೆಕ್ಕಿನದು ದನದ್ದಕ್ಕೆ ತೀರ ಹತ್ತಿರ.

## ಇನ್ನೂ ಆಳದ ಪ್ರಶ್ನೆಗಳು

ಹಕ್ಕಿಗಳಿಗೆ ಇಷ್ಟು ಸಕ್ಕರೆ ಇದ್ದರೂ ಮಧುಮೇಹದ ತೊಂದರೆ ಯಾಕಿಲ್ಲ?

ಹಮ್ಮಿಂಗ್‌ಬರ್ಡ್ ಮಕರಂದ ಕುಡಿದ ಮೇಲೆ ಅದರ ಸಕ್ಕರೆ 700 ಮಿ.ಗ್ರಾಂ. ದಾಟಿದ್ದನ್ನು ಅಳೆದಿದ್ದಾರೆ, ಮನುಷ್ಯನಿಗಾದರೆ ಅದು ತುರ್ತುಚಿಕಿತ್ಸೆಯ ಅಂಕಿ. ಹಕ್ಕಿಗಳಲ್ಲಿ ಹಾರ್ಮೋನುಗಳ ತೂಕವೇ ಬೇರೆ ಕಡೆಗೆ ವಾಲಿದೆ. ಅವುಗಳ ರಕ್ತದಲ್ಲಿ ಗ್ಲುಕಗಾನ್ ಸಸ್ತನಿಗಳಿಗಿಂತ ಹೆಚ್ಚು, ಸಕ್ಕರೆಯ ಆಡಳಿತದಲ್ಲಿ ಅದರದೇ ಮೇಲುಗೈ. ಸಸ್ತನಿಗಳಲ್ಲಿ ಇನ್ಸುಲಿನ್ನಿನ ಮುಖ್ಯ ಸಾಧನವಾದ ಗ್ಲೂಟ್-4 ಕೋಳಿಯಲ್ಲಿ ಇಲ್ಲವೇ ಇಲ್ಲ, ಸಕ್ಕರೆ ಇಳಿಸಬೇಕಾದರೆ ಸಾಮಾನ್ಯಕ್ಕಿಂತ ಬಹಳ ಹೆಚ್ಚು ಇನ್ಸುಲಿನ್ ಕೊಡಬೇಕು. ಹಾರಾಟ ಎಂಬ ದುಬಾರಿ ಕೆಲಸಕ್ಕೆ ಸದಾ ಇಂಧನ ಸಿದ್ಧವಿರಬೇಕೆಂಬುದು ಇದಕ್ಕೆ ಒಪ್ಪುವ ವಿವರಣೆ. ಹಾನಿಯಿಂದ ಅವುಗಳ ಅಂಗಾಂಶ ಹೇಗೆ ಪಾರಾಗುತ್ತದೆಂಬುದು ಇಂದಿಗೂ ಸಂಶೋಧನೆಯ ವಿಷಯ.

ಇನ್ಸುಲಿನ್ನಿಗೆ ದೇಹ ಓಗೊಡದಿರುವುದು ಯಾವಾಗಲೂ ರೋಗವೇ?

ರೋಗವಲ್ಲದ ಉದಾಹರಣೆಗಳು ಹಲವಿವೆ. ಕಂದು ಕರಡಿ ಚಳಿಗಾಲಕ್ಕೆ ಮುಂಚೆ ಮೈತುಂಬ ಕೊಬ್ಬು ತುಂಬಿಕೊಳ್ಳುತ್ತದೆ. ಶಿಶಿರನಿದ್ರೆಯಲ್ಲಿ ಅದರ ಅಂಗಾಂಶಗಳು ಇನ್ಸುಲಿನ್ನಿಗೆ ಓಗೊಡುವುದಿಲ್ಲ, ಕೊಬ್ಬು ಕರಗುತ್ತ ಇಂಧನವಾಗುತ್ತದೆ. ಎಚ್ಚೆತ್ತ ಮೇಲೆ ಸ್ಪಂದನ ಮರಳುತ್ತದೆ. ಮೆಕ್ಸಿಕೋದ ಗುಹೆಗಳ ಕುರುಡು ಮೀನುಗಳ ಕೆಲವು ಗುಂಪುಗಳಲ್ಲಿ ಇನ್ಸುಲಿನ್ ಗ್ರಾಹಕದ ಜೀನಿನಲ್ಲೇ ಬದಲಾವಣೆ ಇರುವುದು 2018ರಲ್ಲಿ ಪ್ರಕಟವಾಯಿತು. ಅಂಥದೇ ಬದಲಾವಣೆ ಮನುಷ್ಯನಲ್ಲಿ ತೀವ್ರ ಕಾಯಿಲೆ ತರುತ್ತದೆ. ಮೀನು ಮಾತ್ರ ಕೊಬ್ಬಿ, ಆರೋಗ್ಯವಾಗಿ ಬದುಕುತ್ತದೆ. ಆಹಾರ ವರ್ಷಕ್ಕೊಮ್ಮೆ ಪ್ರವಾಹದ ಜೊತೆ ಬರುವ ಕತ್ತಲ ಗುಹೆಯಲ್ಲಿ ಕೊಬ್ಬು ಕೂಡಿಡುವುದೇ ಉಳಿವಿನ ದಾರಿ.

ಉತ್ತರ ಅಮೆರಿಕದ ಕಾಡುಕಪ್ಪೆಯದು ಇನ್ನೂ ವಿಸ್ಮಯದ ಸಂಗತಿ. ಚರ್ಮದ ಮೇಲೆ ಮಂಜುಗಡ್ಡೆ ಹುಟ್ಟಿದ ಕೆಲವೇ ನಿಮಿಷಗಳಲ್ಲಿ, ಅಡ್ರಿನಲಿನ್‌ಗೆ ಸ್ಪಂದಿಸುವ ಗ್ರಾಹಕಗಳ ಮೂಲಕ ಸುದ್ದಿ ತಲುಪಿ, ಅದರ ಯಕೃತ್ತು ಗ್ಲೈಕೋಜೆನ್ ಒಡೆದು ಸಾಮಾನ್ಯಕ್ಕಿಂತ ಹತ್ತಾರು ಪಟ್ಟು ಹೆಚ್ಚು ಗ್ಲೂಕೋಸನ್ನು ಅಂಗಗಳಿಗೆ ತುಂಬುತ್ತದೆ. ಆ ದಟ್ಟ ಸಕ್ಕರೆ ಕೋಶದೊಳಗಿನ ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ. ಮೈಯ ನೀರಿನ ಶೇ. 60ಕ್ಕಿಂತ ಹೆಚ್ಚು ಭಾಗ ಗಡ್ಡೆಯಾಗಿ ಎದೆಬಡಿತ ನಿಂತರೂ, ಕರಗಿದ ಮೇಲೆ ಕಪ್ಪೆ ಮತ್ತೆ ಚಲಿಸುತ್ತದೆ.

ಬಸವನಹುಳುವೊಂದು ಇನ್ಸುಲಿನ್ನನ್ನೇ ವಿಷವಾಗಿ ಬಳಸುತ್ತದಂತೆ, ನಿಜವೇ?

ನಿಜ. ಜಿಯೋಗ್ರಫಿ ಕೋನ್ ಎಂಬ ಸಮುದ್ರದ ಬಸವನಹುಳು ನೀರಿಗೆ ಬಿಡುವ ವಿಷದ ಮಿಶ್ರಣದಲ್ಲಿ, ತನ್ನ ಸ್ವಂತ ಇನ್ಸುಲಿನ್ನಿಗಿಂತ ಮೀನಿನದನ್ನು ಹೆಚ್ಚು ಹೋಲುವ ಇನ್ಸುಲಿನ್ ಇರುವುದು 2015ರಲ್ಲಿ ಗೊತ್ತಾಯಿತು. ಕಿವಿರುಗಳ ಮೂಲಕ ಅದು ಹೊಕ್ಕ ಮೀನುಗಳ ಸಕ್ಕರೆ ಕುಸಿದು ಅವು ಮಂಕಾಗುತ್ತವೆ. ಹುಳು ನಿಧಾನವಾಗಿ ಬಾಯಿ ಅಗಲಿಸಿ ನುಂಗುತ್ತದೆ. ಈ ಇನ್ಸುಲಿನ್ ಆರಾರು ಅಣುಗಳ ಗುಂಪಾಗಿ ಕೂಡಿಕೊಳ್ಳದೆ ಬಿಡಿಯಾಗಿಯೇ ಇರುವುದರಿಂದ ಕ್ಷಣದಲ್ಲಿ ಕೆಲಸ ಮಾಡುತ್ತದೆ. ವೇಗವಾಗಿ ಕೆಲಸ ಮಾಡುವ ಔಷಧಿ ಇನ್ಸುಲಿನ್ ರೂಪಿಸಲು ಇದರ ರಚನೆಯನ್ನು ಅಧ್ಯಯನ ಮಾಡುತ್ತಿದ್ದಾರೆ.

ಮೇದೋಜೀರಕ ಗ್ರಂಥಿಯೇ ಇಲ್ಲದ ಕೀಟ, ಏಡಿಗಳು ಏನು ಮಾಡುತ್ತವೆ?

ಕೀಟದ ರಕ್ತದಲ್ಲಿ ಓಡಾಡುವ ಮುಖ್ಯ ಸಕ್ಕರೆ ಟ್ರೆಹಲೋಸ್. ಎರಡು ಗ್ಲೂಕೋಸ್ ಅಣುಗಳು ಕೂಡಿದ್ದು. ಯಕೃತ್ತಿನ ಕೆಲಸವನ್ನು ಕೊಬ್ಬುಕಾಯ ಎಂಬ ಅಂಗ ಮಾಡುತ್ತದೆ. ಮಿದುಳಿನ ಹಿಂದಿರುವ ಪುಟ್ಟ ಗ್ರಂಥಿಯೊಂದು ಅಡಿಪೊಕೈನೆಟಿಕ್ ಹಾರ್ಮೋನನ್ನು ಬಿಡುತ್ತದೆ. ಎಂಟರಿಂದ ಹತ್ತು ಅಮೈನೋ ಆಮ್ಲಗಳ ಈ ಚಿಕ್ಕ ಸರಪಣಿ ಗ್ಲುಕಗಾನ್‌ನಂತೆಯೇ ದಾಸ್ತಾನು ಕರಗಿಸಿ, ಜಿರಳೆಯಲ್ಲಿ ಟ್ರೆಹಲೋಸನ್ನೂ, ದೂರ ಹಾರುವ ಮಿಡತೆಯಲ್ಲಿ ಕೊಬ್ಬನ್ನೂ ರಕ್ತಕ್ಕೆ ತರುತ್ತದೆ. ಇನ್ಸುಲಿನ್ನಿನ ಬಂಧುಗಳೂ ಕೀಟಗಳಲ್ಲಿವೆ, ಅವು ಹುಟ್ಟುವುದು ಮಿದುಳಿನಲ್ಲಿ. ಹಣ್ಣಿನ ನೊಣದ ಮಿದುಳಿನ ಆ ಕೆಲವೇ ಕೋಶಗಳನ್ನು ನಾಶಮಾಡಿದರೆ ಅದರ ರಕ್ತದ ಸಕ್ಕರೆ ಏರುತ್ತದೆ, ಮೈ ಕುಳ್ಳಾಗುತ್ತದೆ. ರೇಷ್ಮೆಹುಳುವಿನ ಬಾಂಬಿಕ್ಸಿನ್ ಕೂಡ ಇದೇ ಕುಟುಂಬದ್ದು, ಅದು ಟ್ರೆಹಲೋಸನ್ನು ಇಳಿಸುತ್ತದೆ.

ಏಡಿ, ಸೀಗಡಿಗಳಲ್ಲಿ ಸಕ್ಕರೆ ಏರಿಸುವ ಹಾರ್ಮೋನು ಸಂಗ್ರಹವಾಗಿರುವುದು ಕಣ್ಣಿನ ಕಾಂಡದಲ್ಲಿ. ಕಣ್ಣುಕಾಂಡದ ಸಾರವನ್ನು ಚುಚ್ಚಿದರೆ ಏಡಿಯ ರಕ್ತದ ಸಕ್ಕರೆ ಏರುತ್ತದೆಂದು 1944ರಲ್ಲೇ ತೋರಿಸಲಾಯಿತು. ಕಾಂಡಗಳನ್ನು ತೆಗೆದರೆ ಸಕ್ಕರೆ ಇಳಿಯುತ್ತದೆ. ಬಿಸಿ, ಉಸಿರುಕಟ್ಟು, ನೀರಿನಿಂದ ಹೊರಗಿಡುವುದು ಮುಂತಾದ ಒತ್ತಡಗಳಲ್ಲಿ ಈ ಹಾರ್ಮೋನು ಉಕ್ಕುವುದರಿಂದ, ಸೀಗಡಿ ಎಷ್ಟು ನಲುಗಿದೆಯೆಂದು ತಿಳಿಯಲು ಸಂಶೋಧಕರು ಅದರ ರಕ್ತದ ಗ್ಲೂಕೋಸನ್ನೇ ಅಳೆಯುತ್ತಾರೆ.